ಊರೆಲ್ಲ ಕರಿ ಚಹಾ ಕುಡಿದ ದಿನ

ಆ ಊರಿಗೆ ಈಗ ಹಾಲಿನ ಟ್ಯಾಂಕರ್ ತಾನಾಗಿಯೇ ಬರುತ್ತದೆ. ಬಂದು, ಎರಡು ಸಲ ಹಿಂದೆ ಮುಂದೆ ಮಾಡಿ, ಡೈರಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತದೆ. ಒಳಗೆ ಕೋಣೆಯಷ್ಟು ದೊಡ್ಡ ಸ್ಟೀಲ್ ತೊಟ್ಟಿ. ಮುಟ್ಟಿದರೆ ಬೆರಳು ಜುಮ್ಮೆನ್ನುವಷ್ಟು ತಣ್ಣಗೆ. ಯಾರಾದರೂ ಚಪ್ಪಲಿ ಹಾಕಿಕೊಂಡೇ ಒಳಗೆ ನುಗ್ಗಿದರೆ ಕಾರ್ಯದರ್ಶಿಯಮ್ಮ ಬೈಯುವುದಿಲ್ಲ, ಸುಮ್ಮನೆ ಅವರ ಕೈಗೆ ಪೊರಕೆ ಕೊಡುತ್ತಾಳೆ. ಅಂಥ ಥಳಥಳ ಹೊಳೆಯುವ ಜಾಗದಲ್ಲಿ, ಬಾಗಿಲ ಪಕ್ಕಕ್ಕೆ, ಹೊಟ್ಟೆ ತಗ್ಗಿದ ಹಳೆಯ ಕ್ಯಾನೊಂದು ನಿಂತಿದೆ. ಹೊಸ ಡ್ರೈವರ್ ಯಾರೇ ಬರಲಿ, ಮೊದಲ ದಿನ ಕೇಳಿಯೇ ಕೇಳುತ್ತಾನೆ.

“ಇದನ್ನ ಇನ್ನೂ ಗುಜರಿಗೆ ಹಾಕಿಲ್ವಾ ಮೇಡಂ?”

“ಕಿವಿ ಕೇಳಲ್ಲ ಅಂತ ನಿಮ್ಮ ಅಜ್ಜನ್ನ ಗುಜರಿಗೆ ಹಾಕಿದ್ರಾ?” ಎನ್ನುತ್ತಾಳೆ ಕಾರ್ಯದರ್ಶಿ.

ಆ ಕ್ಯಾನಿನ ಕಥೆ ಅವಳ ತಾಯಿಯದು. ತಾಯಿಯನ್ನು ಆಗ ಇಡೀ ಬೀದಿ ಕಿರಿಸೊಸೆ ಎಂದು ಕರೆಯುತ್ತಿತ್ತು. ಈಗ ಮೊಮ್ಮಕ್ಕಳ ಮದುವೆ ಮಾಡಿದ್ದಾಳೆ, ಹೆಸರು ಮಾತ್ರ ಹಾಗೇ ಉಳಿದಿದೆ.

ಆ ಕಾಲದಲ್ಲಿ ಊರಿನಲ್ಲಿ ಹಸುಗಳಿಗೆ ಬರವಿರಲಿಲ್ಲ, ಹಾಲಿಗೂ ಬರವಿರಲಿಲ್ಲ. ಇರದಿದ್ದದ್ದು ದಾರಿ. ಟಾರು ರಸ್ತೆ ಗುಡ್ಡದ ಆಚೆ. ಅಲ್ಲಿಗೆ ಹೋಗಲು ಕಲ್ಲೆದ್ದ ಗಾಡಿದಾರಿ. ಬಸುರಿಯನ್ನು ಆ ದಾರಿಯಲ್ಲಿ ಗಾಡಿ ಹತ್ತಿಸಿದರೆ ಸೂಲಗಿತ್ತಿಗೆ ಕೆಲಸವೇ ಇಲ್ಲ, ದಾರಿಯೇ ಹೆರಿಗೆ ಮಾಡಿಸುತ್ತದೆ ಎಂದು ಜನ ನಗುತ್ತಿದ್ದರು. ಹಾಗಾಗಿ ಹಾಲನ್ನು ಯಾರೂ ಹಾಲಾಗಿ ಮಾರುತ್ತಿರಲಿಲ್ಲ. ಹೆಪ್ಪು ಹಾಕಿ, ಕಡೆದು, ಬೆಣ್ಣೆ ಮಾಡಿಟ್ಟು, ಬೆಣ್ಣೆ ವ್ಯಾಪಾರಿ ಯಾವಾಗ ಮನಸ್ಸು ಮಾಡುತ್ತಾನೋ ಎಂದು ಕಾಯುವುದು. ಅವನು ಬಾರದಿದ್ದರೆ ಕಾಯಿಸಿ ತುಪ್ಪ. ಅಂತೂ ಬೆಣ್ಣೆ ತೆಗೆಯುವುದರಲ್ಲಿ ಆ ಊರಿನ ಹೆಂಗಸರದು ಎತ್ತಿದ ಕೈ. ಎತ್ತಿದ ಕೈಯನ್ನು ಇಳಿಸಲು ಅವರಿಗೆ ಪುರುಸೊತ್ತು ಇರಲಿಲ್ಲ, ಅಷ್ಟೇ.

ಬೆಳಕು ಹರಿಯುವ ಮೊದಲೇ ಮನೆಮನೆಯಲ್ಲೂ ಕಡೆಗೋಲಿನ ಸದ್ದು. ಕಿರಿಸೊಸೆಯ ಮನೆಯಲ್ಲಿ ಅತ್ತೆಯ ಕಾಲದ ಹಿತ್ತಾಳೆ ಕೊಡವಿತ್ತು. ಕಂಬಕ್ಕೆ ಕಡೆಗೋಲು ಸಿಕ್ಕಿಸಿ, ಹಗ್ಗದ ಎರಡು ತುದಿ ಹಿಡಿದು ಎಳೆದೂ ಎಳೆದೂ ಅವಳ ರಟ್ಟೆ ಸಂಜೆಯವರೆಗೂ ನಡುಗುತ್ತಿತ್ತು. ಅತ್ತೆಯ ಗತಿ ಇನ್ನೂ ಒಂದು ಹೆಜ್ಜೆ ಮುಂದೆ. ಜೀವಮಾನವೆಲ್ಲ ಕಡೆದು ಕಡೆದು ಮುದುಕಿಯ ತೋಳು ಹೆಗಲಿನಿಂದ ಮೇಲಕ್ಕೆ ಏಳುತ್ತಿರಲಿಲ್ಲ. ತನ್ನ ತಲೆ ತಾನು ಬಾಚಿಕೊಳ್ಳಲಾರಳು. ಸೊಸೆಗೆ ಬಿಡುವಾದಾಗ ಬಾಚಬೇಕು. ಸೊಸೆಗೆ ಬಿಡುವೆಲ್ಲಿಂದ ಬರಬೇಕು? ಹಾಗಾಗಿ ಅತ್ತೆಯ ತಲೆ ಸದಾ ಹಕ್ಕಿಗೂಡು.

ಒಂದು ದಿನ ಮಗಳು, ಆಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು, ಆಟಕ್ಕೆಂದು ಕಡೆಯುವ ಹಗ್ಗ ಹಿಡಿದಳು. ಅತ್ತೆಗೆ ಹಿಗ್ಗೋ ಹಿಗ್ಗು.

“ನೋಡೇ, ಕೈ ಹೇಗೆ ಕೂತಿದೆ. ನಮ್ಮನೆ ಕಳೆ ಇದೆ ಇವಳಿಗೆ. ಒಳ್ಳೇ ಕಡೆಯೋಳಾಗ್ತಾಳೆ.”

ಹೊಗಳಿಕೆಯ ಮಾತೇ. ಆದರೆ ಕಿರಿಸೊಸೆ ಹಿಗ್ಗಲಿಲ್ಲ. ಅತ್ತೆಯ ತೋಳು ನೋಡಿದಳು, ತನ್ನದು ನೋಡಿಕೊಂಡಳು, ಮಗಳ ಕೈಯಿಂದ ಹಗ್ಗ ಬಿಡಿಸಿ ಗೂಟಕ್ಕೆ ಎತ್ತಿ ಹಾಕಿದಳು. ಈ ಹಗ್ಗ ಇವಳ ಪಾಲಿಗೆ ಬರಕೂಡದು ಎಂದು ಆ ಗಳಿಗೆಯಲ್ಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಹೀಗಿರುವಾಗ ಟಾರು ರಸ್ತೆಯ ಮೇಲೆ ಡೈರಿಯ ಲಾರಿ ಓಡಾಡತೊಡಗಿತು. ಹಾಲನ್ನು ಹಾಲಾಗಿಯೇ ತೆಗೆದುಕೊಳ್ಳುತ್ತಾರಂತೆ, ದಿನಾ ಬೆಳಗ್ಗೆ ತಿರುವಿನ ಮರದ ಹತ್ತಿರ ನಿಲ್ಲುತ್ತಾರಂತೆ. ಸುದ್ದಿ ಕಿವಿಗೆ ಬಿದ್ದದ್ದೇ ಕಿರಿಸೊಸೆ ಬೀದಿಯ ಮನೆಮನೆ ಹತ್ತಿ ಇಳಿದಳು.

“ಹಾಲು ಕೊಟ್ಟುಬಿಟ್ರೆ ಬೆಳಗ್ಗೆ ಏನು ಮಾಡೋದೇ ನಾವು?” ಎಂದು ಒಬ್ಬ ಅಜ್ಜಿ ಗಾಬರಿಯಾದಳು.

“ಮಲ್ಕೊಳ್ಳಿ ಅಜ್ಜಿ.”

ಆ ಒಂದು ಮಾತಿಗೆ ಅಲ್ಲಿದ್ದ ಸೊಸೆಯರೆಲ್ಲ ಒಪ್ಪಿಬಿಟ್ಟರು. ಅತ್ತೆಯರನ್ನು ಒಪ್ಪಿಸಲು ಒಂದಿಷ್ಟು ದಿನ ಹಿಡಿಯಿತು. “ಹಾಲೇನಾದ್ರೂ ವಾಪಸ್ ಬಂದ್ರೆ ನಿನ್ನ ತಲೆ ಮೇಲೇ ಸುರೀತೀವಿ” ಎಂದು ಹೇಳಿಯೇ ಒಪ್ಪಿದರು.

ಇಷ್ಟರಲ್ಲಿ ಊರಿನ ಜಗಳದ ವಿಷಯ ಹೇಳಬೇಕು, ಅದಿಲ್ಲದೆ ಈ ಕಥೆ ಮುಂದೆ ಹೋಗುವುದಿಲ್ಲ. ಕಿರಿಸೊಸೆಯ ಗಂಡ ಗಾಡಿ ಹೊಡೆಯುವವನು. ಅವನೂ ಅವನ ಅಣ್ಣನೂ ಪಾಲಾದಾಗ ಹೊಲ ಸರಿಯಾಗಿ ಹಂಚಿಹೋಯಿತು, ಪಾತ್ರೆ ಪಡಗ ಹಂಚಿಹೋಯಿತು, ಕೊನೆಗೆ ಒಂದು ಹಸು, ಒಂದು ಹೆಣ್ಣುಕರು ಉಳಿದವು. ಬುದ್ಧಿ ಇದ್ದವರಾಗಿದ್ದರೆ ಎರಡನ್ನೂ ಒಂದೇ ಕಡೆ ಬಿಡುತ್ತಿದ್ದರು. ಇವರು ಹಸುವನ್ನು ಅಣ್ಣನಿಗೂ ಕರುವನ್ನು ತಮ್ಮನಿಗೂ ಹಾಕಿಕೊಂಡರು. ಅಣ್ಣ ಹಸು ಹೊಡೆದುಕೊಂಡು ಮೇಲಿನ ಬೀದಿಗೆ ಹೋದ. ಮೇಲೆ ಹಸು ಕೂಗುವುದು, ಕೆಳಗೆ ಕರು ಕೂಗುವುದು. ಊರಿಗೆ ನಿದ್ದೆ ಇಲ್ಲ. ಯಾರಾದರೊಬ್ಬರು ಹಗ್ಗ ಬಿಚ್ಚಿದ್ದರೆ ಮುಗಿಯುತ್ತಿತ್ತು. ಬಿಚ್ಚಲಿಲ್ಲ. ಹಸು ತಾನಾಗಿಯೇ ಮರೆಯಿತು, ಮನುಷ್ಯರು ಮರೆಯಲಿಲ್ಲ. ಮೇಲಿನ ಬೀದಿ ಅಣ್ಣನ ಕಡೆ, ಕೆಳಗಿನ ಬೀದಿ ತಮ್ಮನ ಕಡೆ. ಅವರು ಹಾಲಿಗೆ ನೀರು ಬೆರೆಸುತ್ತಾರೆ ಎಂದು ಇವರು, ಇವರು ನೀರಿಗೆ ಹಾಲು ಬೆರೆಸುತ್ತಾರೆ ಎಂದು ಅವರು.

ಹಾಗಾಗಿ ಲಾರಿಯವರು ಊರಿಗೆ ಒಂದು ಕ್ಯಾನು ಕೊಡಲು ಬಂದಾಗ ಎರಡು ಕೊಡಬೇಕಾಯಿತು. ಮೇಲಿನ ಬೀದಿಗೊಂದು, ಕೆಳಗಿನ ಬೀದಿಗೊಂದು. ಮೊದಲ ದಿನ ಎರಡು ಗಾಡಿ ಹೊರಟವು. ಒಬ್ಬರ ಗಾಡಿಯ ದೂಳನ್ನು ಇನ್ನೊಬ್ಬರು ಕುಡಿಯಬೇಕಲ್ಲ ಎಂದು ಯಾರು ಮುಂದೆ ಹೋಗಬೇಕೆಂಬುದಕ್ಕೂ ಒಂದು ಸುತ್ತು ಮುಖ ಊದಿಸಿಕೊಂಡದ್ದಾಯಿತು. ಕಿರಿಸೊಸೆ ಗಂಡನ ಜೊತೆ ತಾನೂ ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಅರ್ಧ ತುಂಬಿದ ಕ್ಯಾನು ಗುಳುಕ್ ಗುಳುಕ್ ಎನ್ನುತ್ತಿತ್ತು. ಅವಳ ಕಿವಿಗೆ ಅದು ಶುಭಶಕುನದಂತೆ ಕೇಳಿತು.

ಲಾರಿಯ ಮೇಲೆ ಹಾಲು ನೋಡುವವನೊಬ್ಬ ಇದ್ದ. ಪ್ರತಿ ಕ್ಯಾನಿನ ಮುಚ್ಚಳ ತೆಗೆದು ಮೂಸುವುದು ಅವನ ಕೆಲಸ. ಮೂಗಣ್ಣ ಎಂದೇ ಅವನ ಹೆಸರು ಬಿದ್ದಿತ್ತು. ಅವನು ಮುಚ್ಚಳ ತೆಗೆದ, ಮೂಸಿದ, ಒಳಗೆ ಸೌಟು ಆಡಿಸಿ ಮೇಲೆತ್ತಿದ. ಸೌಟಿನಲ್ಲಿ ನಿಂಬೆಗಾತ್ರದ ಬೆಣ್ಣೆಯುಂಡೆ.

“ಅಮ್ಮಾ, ನಾವು ಹಾಲು ಕೇಳಿದ್ದು.”

ಮೇಲಿನ ಬೀದಿಯ ಕ್ಯಾನಿನಲ್ಲೂ ಅದೇ. ಕಲ್ಲುದಾರಿ ಎರಡನ್ನೂ ಕುಲುಕಿ ಕುಲುಕಿ ಕಡೆದುಹಾಕಿತ್ತು. ಎರಡನೇ ದಿನ ಗಾಡಿಗೆ ಹುಲ್ಲು ಹಾಸಿ ಕ್ಯಾನು ಇಟ್ಟರು. ಉಂಡೆ ಸ್ವಲ್ಪ ಚಿಕ್ಕದಾಯಿತು.

“ನೋಡಿ, ನನಗೇನೂ ನಿಮ್ಮ ಮೇಲೆ ಸಿಟ್ಟಿಲ್ಲ,” ಎಂದ ಮೂಗಣ್ಣ. “ನಾಳೆ ಒಂದಿನ ನಿಲ್ಲಿಸ್ತೀನಿ. ಮತ್ತೆ ಬೆಣ್ಣೆ ತಂದ್ರೆ ಲಾರಿ ಈ ಮರದ ಹತ್ರ ನಿಲ್ಲಲ್ಲ. ಮುಂದಿನ ಊರವರು ನಿಲ್ಲಿಸಿ ಅಂತ ದಿನಾ ಕೈ ಅಡ್ಡ ಹಾಕ್ತಿದಾರೆ.”

ಹಾಲು ಮನೆಗೆ ವಾಪಸ್ ಬಂತು. ಯಾರೂ ತಲೆಯ ಮೇಲೆ ಸುರಿಯಲಿಲ್ಲ, ಆದರೆ “ಬೆಣ್ಣೆ ಗಾಡಿ ಬಂತು” ಎಂದು ಬೀದಿಯ ಮಕ್ಕಳೂ ಆಡಿಕೊಂಡರು. ಕಿರಿಸೊಸೆಗೆ ಬೇಜಾರು ಮಾಡಿಕೊಳ್ಳಲೂ ಪುರುಸೊತ್ತಿಲ್ಲ. ಮೊದಲ ದಿನ ವಾಪಸ್ ಬಂದ ಹಾಲು, ಆ ಸಂಜೆಯ ಹಾಲು ಎರಡಕ್ಕೂ ಹೆಪ್ಪು ಹಾಕಿಟ್ಟದ್ದು ಹುಳಿಯಾಗುತ್ತಿತ್ತು. ಎರಡು ಸಲ ಕಡೆಯುವುದನ್ನು ಒಂದೇ ಸಲ ಮುಗಿಸೋಣವೆಂದು ಮೊಸರನ್ನೆಲ್ಲ ಹಿತ್ತಾಳೆ ಕೊಡಕ್ಕೆ ಸುರಿದಳು. ಕೊಡ ಬಾಯಿತನಕ ತುಂಬಿತು. ಹಗ್ಗ ಹಿಡಿದು ಕೂತಳು. ಎಳೆದಳು, ಎಳೆದಳು, ಕೈ ಬಿದ್ದುಹೋಗುವ ಹಾಗೆ ಎಳೆದಳು. ಬೆಣ್ಣೆಯ ಸುಳಿವಿಲ್ಲ.

ಅತ್ತೆ ಗೋಡೆಗೊರಗಿ ನೋಡುತ್ತಿದ್ದವಳು ತಡೆಯಲಾರದೆ ಬಾಯಿಬಿಟ್ಟಳು.

“ನಿನ್ನ ತವರಲ್ಲಿ ಹೀಗೇ ಕಡೀತಿದ್ರೇನೆ? ಕೊಡ ತುಂಬಿಸ್ಕೊಂಡು ಕೂತಿದೀಯಲ್ಲ, ಮುಂದಿನ ವರ್ಷಕ್ಕೂ ಬೆಣ್ಣೆ ಬರಲ್ಲ. ಅರ್ಧ ಹಾಕ್ಬೇಕು. ಒಳಗೆ ಎದ್ದು ಬೀಳೋಕೆ ಜಾಗ ಬೇಡ್ವಾ ಅದಕ್ಕೆ?”

ಕಿರಿಸೊಸೆಯ ಕೈ ನಿಂತಿತು.

“ಏನಂದ್ರಿ ಅತ್ತೆ?”

“ಅರ್ಧ ಹಾಕು ಅಂದೆ. ಹಾಲು ಕುಡಿಯೋ ಮಗೂಗೂ ಗೊತ್ತು ಇದು.”

ಗೊತ್ತಿತ್ತು. ಊರಿನ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ಅರ್ಧ ಕೊಡ ಬೆಣ್ಣೆಗೆ ಎಂದು ಹುಟ್ಟಿದಾಗಿನಿಂದ ಬಲ್ಲವರು, ಮೇಲಿನ ಬೀದಿಯವರು ಅರ್ಧ, ಕೆಳಗಿನ ಬೀದಿಯವರು ಅರ್ಧ ಕ್ಯಾನು ತುಂಬಿಸಿ, ಎರಡೆರಡು ಕೊಡವನ್ನು ಕಲ್ಲುದಾರಿಯಲ್ಲಿ ಕಡೆಯಲು ಕಳಿಸಿದ್ದರು. ಕಿರಿಸೊಸೆಗೆ ನಗು ಬಂತು. ನಕ್ಕಾದ ಮೇಲೆ ಮುಂದಿನ ತೊಡಕು ಕಂಡಿತು. ಕ್ಯಾನು ಬಾಯಿತನಕ ತುಂಬಿದ್ದರೆ ಹಾಲು ಕುಲುಕದು, ಆದರೆ ಒಂದು ಬೀದಿಯ ಹಾಲಿನಿಂದ ಅದು ತುಂಬುವುದಿಲ್ಲ. ತುಂಬಬೇಕಾದರೆ ಮೇಲಿನ ಬೀದಿಗೆ ಹೋಗಬೇಕು. ಮೇಲಿನ ಬೀದಿಯಲ್ಲಿ ಮಾತು ನಡೆಯುವುದು ವಾರಗಿತ್ತಿಯದು. ಕೇಳಬೇಕಾದ್ದು ಅವಳನ್ನೇ, ಪಾಲಾದ ಮೇಲೆ ಎದುರಿಗೆ ಬಂದರೆ ಸೆರಗು ಕೊಡವಿ ಹೋಗುವವಳನ್ನು.

ಗಂಡನನ್ನು ಕೇಳಿದಳು. ಅವನು ಎತ್ತಿನ ಮೈ ತಿಕ್ಕುತ್ತಿದ್ದ. ತಲೆ ಎತ್ತದೆಯೇ, “ನಾನಂತೂ ಆ ಮೆಟ್ಟಿಲು ಹತ್ತಲ್ಲ,” ಎಂದ. ಸ್ವಲ್ಪ ಹೊತ್ತು ಬಿಟ್ಟು, “ನೀನು ಹತ್ತಬೇಡ ಅಂತ ನಾನು ಹೇಳಿಲ್ಲ,” ಎಂದ.

ಸಂಜೆ ಕರೆಯುವ ಹೊತ್ತಿಗೆ ಮೇಲಿನ ಬೀದಿಗೆ ಹೋದಳು. ವಾರಗಿತ್ತಿ ಕೊಟ್ಟಿಗೆಯಲ್ಲಿ ಹಸುವಿನ ಕೆಳಗೆ ಕೂತಿದ್ದಳು. ತಿರುಗಿ ನೋಡಿದಳು, ಮತ್ತೆ ಕೆಚ್ಚಲಿಗೆ ಕೈ ಹಾಕಿದಳು.

“ದಾರಿ ತಪ್ಪಿ ಬಂದ್ಯಾ?”

“ಇಲ್ಲ ಅಕ್ಕ. ದಾರಿ ಹುಡುಕ್ಕೊಂಡೇ ಬಂದೆ.”

“ಅಕ್ಕ ಅನ್ನೋದು ಇನ್ನೂ ಮರೆತಿಲ್ಲ, ಪುಣ್ಯ. ಹೇಳು.”

ಕಿರಿಸೊಸೆ ಕೊಡದ ವಿಷಯ ಹೇಳಿದಳು. ಹೇಳುತ್ತಿದ್ದ ಹಾಗೆ ವಾರಗಿತ್ತಿಯ ಕೈ ನಿಧಾನವಾಯಿತು. ಕೊನೆಗೆ ನಿಂತೇ ಹೋಯಿತು.

“ಅಯ್ಯೋ ನಮ್ಮ ಬುದ್ಧಿಗಿಷ್ಟು,” ಎಂದಳು ಮೆಲ್ಲಗೆ. ಆಮೇಲೆ ಮುಖ ಬಿಗಿದುಕೊಂಡು, “ಅಂದ್ರೆ ನನ್ನ ಗಟ್ಟಿ ಹಾಲಿಗೆ ನಿಮ್ಮ ಬೀದಿ ನೀರು ಸೇರಿಸ್ಬೇಕು ಅಂತೀಯ.”

“ನಮ್ಮ ಬೀದೀಲೂ ಇದೇ ಮಾತು ಅಂತಾರೆ. ಬೀದಿ ಹೆಸರು ಬೇರೆ, ಅಷ್ಟೇ.”

“ನಾಲಿಗೆ ಮಾತ್ರ ಚುರುಕಾಗಿದೆ.”

“ನನ್ನ ಹಾಲು ನೀನು ಕುಡಿದು ನೋಡು ಅಕ್ಕ. ನಿನ್ನದು ನಾನು ಕುಡೀತೀನಿ. ಎಲ್ಲರೂ ಹಾಗೇ ಮಾಡ್ಲಿ. ಮೇಲಿನವರದ್ದು ಕೆಳಗಿನವರು ಕುಡಿದು ಸರಿ ಅಂದ್ಮೇಲೇ ಕ್ಯಾನಿಗೆ. ಕೆಳಗಿನವರದ್ದು ಮೇಲಿನವರು ಕುಡಿದು ಸರಿ ಅಂದ್ಮೇಲೆ.”

ವಾರಗಿತ್ತಿ ಹಸುವಿನ ಹೊಟ್ಟೆಗೆ ತಲೆ ಆನಿಸಿ ಯೋಚಿಸಿದಳು. ಆ ಹಸು, ಪಾಲಿಗೆ ಬಂದ ಹಸುವಿನ ಮಗಳು. ಕಿರಿಸೊಸೆಯ ಕೊಟ್ಟಿಗೆಯಲ್ಲಿರುವುದು ಪಾಲಿಗೆ ಬಂದ ಕರುವಿನ ಮಗಳು. ಎರಡಕ್ಕೂ ಹಣೆಯ ಮೇಲೆ ಒಂದೇ ತರಹದ ಬಿಳಿ ಚುಕ್ಕೆ.

“ಆ ರಾತ್ರಿ ಹಸು ಕೂಗ್ತಿತ್ತಲ್ಲ,” ಎಂದಳು ವಾರಗಿತ್ತಿ, ಹಸುವಿಗೆ ಹೇಳುವ ಹಾಗೆ. “ನಾನು ಎದ್ದು ಹಗ್ಗ ಬಿಚ್ಚೋಕೆ ಕೈ ಹಾಕಿದ್ದೆ ಕಣೆ. ನಿಮ್ಮ ಭಾವ ಎದ್ದುಬಿಟ್ರು.”

ಕಿರಿಸೊಸೆ ಕೆಳಗೆ ಬಿದ್ದಿದ್ದ ಹುಲ್ಲಿನ ಕಂತೆ ಎತ್ತಿ ಹಸುವಿನ ಮುಂದೆ ಹಾಕಿದಳು.

“ನಿಮ್ಮ ಬೀದೀಲೂ ಬೇಡ, ನಮ್ಮ ಬೀದೀಲೂ ಬೇಡ,” ಎಂದಳು ವಾರಗಿತ್ತಿ. “ಬಾವಿಕಟ್ಟೆ ಹತ್ರ ಇಡು ಕ್ಯಾನು. ಮತ್ತೆ ನೋಡು, ನೀರು ಅಂತ ಗೊತ್ತಾದ್ರೆ ಬಾವಿಗೇ ಸುರೀತೀನಿ.”

ಬೆಳಗ್ಗೆ ಬಾವಿಕಟ್ಟೆಯ ಹತ್ತಿರ ಎರಡೂ ಬೀದಿ ನೆರೆದಿತ್ತು. ಒಂದು ಕಡೆ ಇವರು, ಇನ್ನೊಂದು ಕಡೆ ಅವರು, ನಡುವೆ ಕ್ಯಾನು. ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿತ್ತು. ಮೊದಲು ಕಿರಿಸೊಸೆ ತನ್ನ ಚೆಂಬು ಚಾಚಿದಳು. ವಾರಗಿತ್ತಿ ಒಂದು ಗುಟುಕು ಕುಡಿದಳು, ಬಾಯಲ್ಲೇ ಇಟ್ಟುಕೊಂಡು ಆಕಾಶ ನೋಡಿದಳು, ನುಂಗಿದಳು. ಎಲ್ಲರ ಕಣ್ಣೂ ಅವಳ ಗಂಟಲ ಮೇಲೆ.

“ಹಸು ಏನು ತಿನ್ನುತ್ತೆ?”

“ನಿನ್ನ ಹಸು ತಿನ್ನೋದೇ ಅಕ್ಕ.”

“ಹ್ಞೂಂ. ನಮ್ಮ ಮನೆ ಹಾಲೇ ಇದು. ಸುರಿ.”

ಆಮೇಲೆ ಒಬ್ಬೊಬ್ಬರೇ. ಮೊದಮೊದಲು ತುಟಿ ತೇವ ಮಾಡಿಕೊಳ್ಳುತ್ತಿದ್ದವರು ಆಮೇಲಾಮೇಲೆ ಗಟಗಟ ಕುಡಿಯತೊಡಗಿದಾಗ, “ರುಚಿ ನೋಡಿ ಅಂದ್ರೆ ಉಪವಾಸ ಮುರೀತಿದೀರಲ್ಲ,” ಎಂದು ಯಾರೋ ಅಂದರು. ವರ್ಷಗಟ್ಟಲೆ ಆದ ಮೇಲೆ ಎರಡೂ ಬೀದಿ ಒಂದೇ ಮಾತಿಗೆ ನಕ್ಕಿತು.

ಎಲ್ಲರ ಚೆಂಬೂ ಖಾಲಿಯಾಯಿತು. ಕ್ಯಾನು ಮಾತ್ರ ತುಂಬಲಿಲ್ಲ. ಕುತ್ತಿಗೆಗಿಂತ ಒಂದು ಗೇಣು ಕೆಳಗೆ ನಿಂತಿತು.

ಕೆಳಗಿನ ಬೀದಿಯ ಗಂಡಸೊಬ್ಬ ಬಾವಿಯ ಕಡೆ ನೋಡಿದ. “ಒಂದೆರಡು ಬಿಂದಿಗೆ ಸೇದಿ ಹಾಕಿದ್ರೆ ಮುಗೀತು. ಯಾರಿಗೆ ಗೊತ್ತಾಗುತ್ತೆ?”

ಕಿರಿಸೊಸೆ ಬಾಯಿ ತೆರೆಯುವ ಮೊದಲೇ ವಾರಗಿತ್ತಿ ತಿರುಗಿದಳು.

“ಇಷ್ಟು ವರ್ಷ ನೀವು ನೀರು ಹಾಕ್ತೀರ ಅಂತ ಬೈಕೊಂಡು ಬಂದಿದೀನಿ. ಇವತ್ತು ನನ್ನ ಕಣ್ಣೆದುರಿಗೇ ಹಾಕಿದ್ರೆ, ನಾಳೆಯಿಂದ ಯಾವ ಬಾಯಲ್ಲಿ ಬೈಲಿ?”

ಹಾಗೆಂದವಳೇ ಸೆರಗು ಸಿಕ್ಕಿಸಿಕೊಂಡು ಬೀದಿ ಹತ್ತಿ ಹೋದಳು. ಸಿಟ್ಟು ಮಾಡಿಕೊಂಡು ಹೋದಳು ಎಂದೇ ಎಲ್ಲರೂ ತಿಳಿದರು. ಕಿರಿಸೊಸೆ ಕ್ಯಾನಿನ ಅಂಚು ಹಿಡಿದು ಹಾಗೇ ನಿಂತಳು. ಗೂಟಕ್ಕೆ ನೇತುಹಾಕಿದ ಹಗ್ಗ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ವಾರಗಿತ್ತಿ ವಾಪಸ್ ಬಂದಳು. ಕೈಯಲ್ಲಿ ಪುಟ್ಟ ಪಾತ್ರೆ, ಮೇಲೆ ತಟ್ಟೆ ಮುಚ್ಚಿತ್ತು.

“ಚಹಾಕ್ಕೆ ಅಂತ ಎತ್ತಿಟ್ಟಿದ್ದೆ. ನಿಮ್ಮ ಭಾವ ಇವತ್ತು ಕರಿ ಚಹಾ ಕುಡೀಲಿ. ಸಾಯಲ್ಲ.”

ಭಾವ ಅಲ್ಲೇ ನಿಂತಿದ್ದ. ಏನೋ ಹೇಳಲು ಹೋಗಿ ಕೆಮ್ಮಿದ.

ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಹೆಂಗಸರು ಮನೆಗೆ ಓಡಿದರು. ಲೋಟದಲ್ಲಿ, ಬಟ್ಟಲಲ್ಲಿ, ಚಹಾಕ್ಕೆ ಇಟ್ಟದ್ದು, ಹೆಪ್ಪಿಗೆ ಇಟ್ಟದ್ದು, ಬೆಕ್ಕಿಗೆ ಇಟ್ಟದ್ದು, ಹಸಿ ಹಾಲು ಎಷ್ಟಿತ್ತೋ ಅಷ್ಟೂ ಬಂತು. ಒಬ್ಬಳು ಮಾತ್ರ ಪಾತ್ರೆ ಹಿಡಿದು ಅಳುಮುಖ ಮಾಡಿಕೊಂಡು ಬಂದಳು. “ನಾನು ಕಾಯಿಸಿಬಿಟ್ಟಿದೀನಲ್ರೇ.” ಕಾಯಿಸಿದ್ದು ಬೇಡ ಎಂದು ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಸಾಕುಬೇಕಾಯಿತು. ಹಾಲು ಮೇಲೆ ಮೇಲೆ ಬಂತು, ಕುತ್ತಿಗೆ ದಾಟಿತು, ಬಾಯಿಗೆ ಬಂತು. ಮುಚ್ಚಳ ಒತ್ತಿದರೆ ಅಂಚಿನಿಂದ ಬಿಳಿ ಗೆರೆಯೊಂದು ಇಣುಕಿತು.

ಗಾಡಿ ಯಾರದ್ದು ಎಂಬ ಪ್ರಶ್ನೆ ಎದ್ದಿತು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡದೆ, ಇಬ್ಬರೂ ಎತ್ತಿನ ಮುಖ ನೋಡುತ್ತ ಮಾತಾಡಿದರು.

“ನನ್ನ ಗಾಡಿಗೆ ಚಕ್ರ ಹೊಸದು,” ಎಂದ ಅಣ್ಣ.

“ನನ್ನ ಎತ್ತು ಸಾಧು,” ಎಂದ ತಮ್ಮ.

ಗಾಡಿ ಅಣ್ಣನದು, ಎತ್ತು ತಮ್ಮನದು ಎಂದಾಯಿತು. ಕಿರಿಸೊಸೆ ಹಿಂದೆ ಕ್ಯಾನು ತಬ್ಬಿಕೊಂಡು ಕೂತಳು. ದಾರಿ ಮೊದಲಿನದೇ, ಕಲ್ಲು ಮೊದಲಿನವೇ. ಆದರೆ ಗುಳುಕ್ ಎಂಬ ಸದ್ದಿಲ್ಲ. ಹೊಟ್ಟೆ ತುಂಬ ಉಂಡವನ ಹಾಗೆ ಕ್ಯಾನು ಗಂಭೀರವಾಗಿ ಕೂತಿತ್ತು. ತಿರುವಿಗೆ ಸ್ವಲ್ಪ ಹಿಂದೆ ಚಕ್ರ ಗುಂಡಿಗೆ ಇಳಿದು, ಕ್ಯಾನು ಅವಳ ತೋಳಿನಿಂದ ಜಾರಿ ಗಾಡಿಯ ಗೂಟಕ್ಕೆ ಢಣ್ ಎಂದು ಬಡಿಯಿತು. ಹೊಟ್ಟೆ ತಗ್ಗಿತು. ತಗ್ಗಿದಷ್ಟು ಹಾಲು ಮುಚ್ಚಳದ ಸಂದಿಯಿಂದ ಹೊರಬಂದು ಅವಳ ಸೀರೆ ತೋಯಿಸಿತು. ಅವಳು ಮುಚ್ಚಳ ತೆಗೆದು ನೋಡಲಿಲ್ಲ. ಎರಡೂ ಕೈಯಿಂದ ಅದುಮಿ ಹಿಡಿದು ಹಾಗೇ ಕೂತಳು.

ಲಾರಿ ನಿಂತಿತ್ತು. ಮೂಗಣ್ಣ ಎರಡು ಗಾಡಿಗೆ ಕಾದಿದ್ದವನು ಒಂದನ್ನೇ ಕಂಡು ಹುಬ್ಬೇರಿಸಿದ. ಮುಚ್ಚಳ ತೆಗೆದ. ಮೂಸಿದ. ಸೌಟು ಹಾಕಲು ಹೋದರೆ ಹಾಲು ಉಕ್ಕಿ ಅವನ ಕೈ ಮೇಲೆ ಹರಿಯಿತು. ಕೆಳಗಿನವರೆಗೂ ಸೌಟು ಆಡಿಸಿ ಎತ್ತಿದ. ಸೌಟಿನಲ್ಲಿ ಹಾಲಿತ್ತು. ಬರೀ ಹಾಲು.

“ಬೆಣ್ಣೆ ಎಲ್ಲಮ್ಮಾ?”

“ಊರಲ್ಲೇ ಬಿಟ್ಟು ಬಂದ್ವಿ.”

“ಇನ್ನೊಂದು ಕ್ಯಾನು?”

“ಅದೂ ತುಂಬುತ್ತೆ. ತುಂಬಿದ ದಿನ ತರ್ತೀವಿ. ಅರ್ಧ ಮಾತ್ರ ಇನ್ನು ತರಲ್ಲ.”

ಅವನು ಹಾಲನ್ನು ಲಾರಿಯ ಪೀಪಾಯಿಗೆ ಸುರಿದು, ತಗ್ಗಿದ ಹೊಟ್ಟೆಯನ್ನೊಮ್ಮೆ ಬೆರಳಿಂದ ತಟ್ಟಿ, ಖಾಲಿ ಕ್ಯಾನು ಕೆಳಗಿಳಿಸಿದ. “ಹಾಗಾದ್ರೆ ನಾಳೆ ಬರ್ತೀನಿ,” ಎಂದ. ಅವನಿಗೆ ಅದು ದಿನನಿತ್ಯದ ಮಾತು. ಕಿರಿಸೊಸೆ ಖಾಲಿ ಕ್ಯಾನನ್ನು ಮತ್ತೆ ತಬ್ಬಿಕೊಂಡಳು.

ಎರಡನೇ ಕ್ಯಾನು ತುಂಬಲು ಒಂದು ಮಳೆಗಾಲ ಕಳೆಯಬೇಕಾಯಿತು. ಆಮೇಲೆ ತಡವಾಗಲಿಲ್ಲ. ಹಸು ಸಾಕದವರೂ ಸಾಕಿದರು, ಹೊಲದ ಬದುವಿನಲ್ಲೆಲ್ಲ ಮೇವು ಬೆಳೆಯಿತು. ಕಲ್ಲುದಾರಿಯ ಗುಂಡಿಗಳನ್ನು ಎರಡೂ ಬೀದಿಯವರು ಸೇರಿ ಮುಚ್ಚಿದರು. ಸುತ್ತಲಿನ ಊರುಗಳು ನೋಡಿ ಕಲಿತವು. ಬಾವಿಕಟ್ಟೆಯ ಪಕ್ಕ ಚಪ್ಪರ ಬಂತು, ಚಪ್ಪರ ಕಟ್ಟಡವಾಯಿತು, ಗಾಡಿ ಹೋಗಿ ಲಾರಿಯೇ ಒಳಗೆ ಬಂತು. ಹಾಲು ಪರೀಕ್ಷೆಗೆ ಯಂತ್ರ ಬಂದ ಮೇಲೂ ಮುದುಕಿಯರು ಪಕ್ಕದವರ ಚೆಂಬಿನಿಂದ ಒಂದು ಗುಟುಕು ಕುಡಿಯುವುದನ್ನು ಬಿಟ್ಟಿಲ್ಲ. ಯಂತ್ರಕ್ಕೆ ಕೊಬ್ಬು ಗೊತ್ತಾಗುತ್ತೆ, ಮನಸ್ಸು ಗೊತ್ತಾಗುತ್ತಾ ಎನ್ನುತ್ತಾರೆ.

ಆದರೆ ಅದೆಲ್ಲ ಆಮೇಲೆ. ಅಂದು ಕಿರಿಸೊಸೆ ಖಾಲಿ ಕ್ಯಾನಿನ ಜೊತೆ ಮನೆಗೆ ಬಂದಾಗ ಅತ್ತೆ ಅಂಗಳದಲ್ಲೇ ಕಾದಿದ್ದಳು. ಹಾಲು ವಾಪಸ್ ಬಂದೇ ಬರುತ್ತದೆ ಎಂದು ಹಿತ್ತಾಳೆ ಕೊಡವನ್ನು ಬೆಳಗಿ, ಬಿಸಿಲಿಗೆ ಇಟ್ಟು, ಕೋಲು ಹಾಕಿ ಹಗ್ಗವನ್ನೂ ಗೂಟದಿಂದ ಇಳಿಸಿ ಸಿದ್ಧವಾಗಿದ್ದಳು. ಕೈಯಲ್ಲಿ ಕರಿ ಚಹಾದ ಲೋಟ. ಒಂದೊಂದು ಗುಟುಕಿಗೂ ಮುಖ ಕಿವುಚಿಕೊಳ್ಳುತ್ತಿದ್ದಳು.

“ಹಾಲೆಲ್ಲಿ?”

“ಹೋಯ್ತು ಅತ್ತೆ.”

“ಚೆಲ್ಲಿಹೋಯ್ತಾ?”

“ಲಾರಿಗೆ ಹೋಯ್ತು. ಪೂರ್ತಿ.”

ಅತ್ತೆ ಅವಳ ಒದ್ದೆ ಸೀರೆ ನೋಡಿದಳು, ತಗ್ಗಿದ ಕ್ಯಾನು ನೋಡಿದಳು. ಆಮೇಲೆ ಕೊಡದ ಕಡೆ ನೋಡಿದಳು. ತಾನು ಮದುವೆಯಾಗಿ ಬಂದ ದಿನದಿಂದ ಒಂದು ಹೊತ್ತೂ ಖಾಲಿ ಕೂರದ ಕೊಡ.

“ಮತ್ತೆ ಇದು?”

“ಬೋರಲು ಹಾಕಿ ಅತ್ತೆ.”

ಮುದುಕಿ ಲೋಟ ಕೆಳಗಿಟ್ಟು, ಬಗ್ಗಿ, ಕೊಡವನ್ನು ಹೊರಳಿಸಿ ಬೋರಲು ಹಾಕಿದಳು. ಅದರ ಮೇಲೆ ಕೈಯಾಡಿಸಿದಳು. ಆಮೇಲೆ ಅದರ ಮೇಲೇ ಕೂತು, ಬೆನ್ನು ತಿರುಗಿಸಿ, ಗಂಟುಗಂಟಾದ ತಲೆಯನ್ನು ಸೊಸೆಗೆ ಒಡ್ಡಿದಳು.

“ಹಾಗಾದ್ರೆ ಕೈ ಬಿಡುವಾಯ್ತಲ್ಲ,” ಎಂದಳು. “ಬಾಚಣಿಗೆ ತಗೊಂಡು ಬಾ.”